ಬಣ್ಣದ ನೀರು ಹೋದ ದಾರಿ

ಬೆಳಿಗ್ಗೆ ಒಂಬತ್ತು ಗಂಟೆಗೆ ಪ್ಲಂಬರ್ ವಿಜಯ್‌ಕುಮಾರ್ ಕುಂಬಾರಕೊಪ್ಪಲಿನ ಹುಚ್ಚಣ್ಣನ ಮನೆಯ ಕಕ್ಕಸಿಗೆ ಒಂದು ಬಕೆಟ್ ಗುಲಾಬಿ ಬಣ್ಣದ ನೀರು ಸುರಿದ. ಬಟ್ಟೆಗೆ ಹಾಕುವ ಬಣ್ಣ, ಗ್ರಂಧಿಗೆ ಅಂಗಡಿಯಿಂದ ತಂದದ್ದು. ಅದರ ಹಿಂದೆಯೇ ಇನ್ನೂ ನಾಲ್ಕಾರು ಬಕೆಟ್ ಬರಿಯ ನೀರು ಸುರಿದು, ಬೀದಿಗೆ ಹೋಗಿ ಒಳಚರಂಡಿಯ ಮುಚ್ಚಳ ಎತ್ತಿ ಕೂತ. ಬಣ್ಣ ಅಲ್ಲಿಗೆ ಬಂದರೆ ಮನೆಯ ಪೈಪು ಸರಿಯಾಗಿದೆ ಎಂದರ್ಥ.

ಇದು ಮನೆ ಕೊಳ್ಳಲು ಬಂದಿದ್ದ ಮಾಲವಿಕಾ ಹಾಕಿದ ಷರತ್ತು. ಕಾಲೇಜಿನಲ್ಲಿ ಪಾಠ ಹೇಳುವ ಆಕೆ ಗೋಡೆ, ತಾರಸಿ, ಪತ್ರ ಎಲ್ಲ ನೋಡಿ ಒಪ್ಪಿದ್ದಳು. ಚರಂಡಿ ನೋಡದೆ ಅಗ್ರಿಮೆಂಟಿಗೆ ಸಹಿ ಹಾಕುವುದಿಲ್ಲ ಎಂದಿದ್ದಳು. ಹುಚ್ಚಣ್ಣನಿಗೆ ನಗು ಬಂದಿತ್ತು. ಮನೆ ಕಟ್ಟಿಸುವಾಗ ಪೈಪನ್ನು ತಾನೇ ನಿಂತು ಹೂಳಿಸಿದವನು ಅವನು. ಉದಯಗಿರಿಯಲ್ಲಿ ಅವನು ಕಿಟಕಿ ಗ್ರಿಲ್ ಮಾಡುವ ಶೆಡ್ಡಿನ ಪಕ್ಕದ ಜಾಗ ಮಾರಾಟಕ್ಕೆ ಬಂದಿತ್ತು. ಈ ಮನೆ ಮಾರಿಹೋದರೆ ಆ ಜಾಗ ಅವನದು.

“ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕಟ್ಕೊಂಡಿಲ್ಲ ಕಣ್ರೀ ಮೇಡಂ,” ಎಂದ. “ಬೀದೀಲಿ ಎಲ್ರ ಮನೇಲೂ ಉಕ್ತದೆ. ನಮ್ದು ಇಲ್ಲ.”

ಅರ್ಧ ಗಂಟೆಯಾದರೂ ಚರಂಡಿಯಲ್ಲಿ ಬಣ್ಣ ಕಾಣಲಿಲ್ಲ. ವಿಜಯ್‌ಕುಮಾರ್ ಇನ್ನೊಂದು ಪೊಟ್ಟಣ ಕಲಸಿ ಸುರಿದ. ಮತ್ತೆ ಕಾದರು.

“ಗ್ರಂಧಿಗೆಯೋನು ನಿಂಗೆ ಬೀಟ್‌ರೂಟ್ ಪುಡಿ ಕಟ್ಕೊಟ್ಟವ್ನೆ ಕಣೋ,” ಎಂದು ಹುಚ್ಚಣ್ಣ ಅಣಕಿಸಿದ. ಯಾರೂ ನಗಲಿಲ್ಲ.

ಆಗ ಪಕ್ಕದ ಮನೆಯ ಮಾದೇವಮ್ಮ ಬಿಂದಿಗೆ ಹಿಡಿದು ಬಂದಳು. ಆಷಾಢದಲ್ಲಿ ಅವಳ ಮೊಮ್ಮಗಳು ಗಗನ ವಾಂತಿಭೇದಿಯಾಗಿ ತೀರಿಕೊಂಡಿದ್ದಳು. ಮೂಲೆಯ ಗಾಡಿಯ ಪಾನಿಪೂರಿಯಿಂದಲೇ ಹೀಗಾಯಿತು ಎಂದು ಬೀದಿಯೆಲ್ಲ ನಂಬಿತ್ತು. ಗಾಡಿಯವನನ್ನು ಓಡಿಸಲು ಮುಂದೆ ನಿಂತವನು ಹುಚ್ಚಣ್ಣ. ಗಾಡಿಯ ಗಾಜು ಒಡೆದವನೂ ಅವನೇ.

“ನೋಡು ಹುಚ್ಚಣ್ಣ, ಸಂಪಿನ ನೀರು ಎಂಗಾಗದೆ,” ಎಂದಳು ಮಾದೇವಮ್ಮ. “ನಲ್ಲೀಲಿ ಹೋಳಿ ಬಣ್ಣ ಬುಟ್ಟವ್ರಾ?”

ಬಿಂದಿಗೆಯ ನೀರು ತೆಳು ಗುಲಾಬಿಯಾಗಿತ್ತು.

ಹುಚ್ಚಣ್ಣ ಕಾಂಪೌಂಡಿನ ಕಡೆ ನೋಡಿದ. ಸ್ಕೂಟರಿಗೆ ಜಾಗ ಉಳಿಯಲಿ ಎಂದು ಪೈಪನ್ನು ಗೋಡೆಗೆ ಒತ್ತಿಸಿ ಹೂಳಿಸಿದ್ದ. ಗೋಡೆಯಾಚೆಗೇ ಮಾದೇವಮ್ಮನ ಮನೆಯ ಸಂಪು. ಪೈಪು ಎಂದೂ ಕಟ್ಟಿಕೊಳ್ಳದಿದ್ದುದು ಯಾಕೆಂದು ಅವನಿಗೆ ಈಗ ಹೊಳೆಯಿತು: ಹೊಲಸೆಲ್ಲ ದಾರಿಯಲ್ಲೇ ನೆಲಕ್ಕೆ ಇಳಿದುಹೋಗುತ್ತಿತ್ತು. ಸಂಪಿನ ನೀರು ಕೆಲವು ದಿನ ವಾಸನೆ ಹೊಡೆಯುತ್ತದೆ ಎಂದು ಮಾದೇವಮ್ಮ ಹೇಳಿದಾಗಲೆಲ್ಲ, ನಲ್ಲಿ ನೀರೇ ಹಾಗೆ ಎಂದು ಅವನೇ ಸಮಾಧಾನ ಹೇಳಿದ್ದ.

ಮಾಲವಿಕಾ ಅವನ ಮುಖವನ್ನೇ ನೋಡುತ್ತಿದ್ದಳು.

“ಪೈಪ್ ತೊಳೀತಾವ್ರೆ ಕಣಕ್ಕ,” ಎಂದ ಹುಚ್ಚಣ್ಣ. “ಏನೋ ಔಷಧಿ ಬುಟ್ಟವ್ರೆ.”

ಮಾದೇವಮ್ಮ ನಂಬಿದಳು. ಬಿಂದಿಗೆಯನ್ನು ಸೊಂಟಕ್ಕೇರಿಸಿ ಹೊರಟವಳು ತಿರುಗಿ ನಿಂತಳು.

“ಅಂಗಾರೆ ಕಾಯಿಸ್ಕಂಡು ಕುಡೀಬೌದಾ? ಸೊಸೆ ಬಸ್ರಿ, ಅದಕ್ಕೇ ಕೇಳ್ದೆ.”

ಹುಚ್ಚಣ್ಣ ಬಿಂದಿಗೆ ಕಿತ್ತುಕೊಂಡು ನೀರನ್ನು ಬೀದಿಗೆ ಚೆಲ್ಲಿದ.

“ಕುಡೀಬ್ಯಾಡಿ. ಅದು ನಮ್ಮ ಕಕ್ಕಸಿಂದು.”

ಅವಳಿಗೆ ಅರ್ಥವಾಗಲಿಲ್ಲ. ಅವನು ಪೈಪು, ಗೋಡೆ, ಬಣ್ಣ ಎಲ್ಲವನ್ನೂ ಬಿಡಿಸಿ ಹೇಳಿದ. ಎಂದಿನಿಂದ ಹೀಗೆ ಎಂದು ಅವಳು ಕೇಳಿದಳು. ಅಗೆಯದೆ ಹೇಳಲಾಗದು, ಆದರೆ ನಿನ್ನೆ ಮೊನ್ನೆಯದಲ್ಲ ಎಂದ ವಿಜಯ್‌ಕುಮಾರ್.

ಮಾದೇವಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು.

“ನಮ್ ಕೂಸು ಪಾನಿಪೂರಿ ಮುಟ್ತಿರ್ಲಿಲ್ಲ ಕಣೋ,” ಎಂದಳು. “ಖಾರ ಅಂತ ಅಳೋದು. ಅವತ್ತೇ ಹೇಳ್ದೆ. ನೀವ್ಯಾರೂ ಕೇಳ್ಲಿಲ್ಲ.”

ಹುಚ್ಚಣ್ಣ ಖಾಲಿ ಬಿಂದಿಗೆ ಹಿಡಿದು ನಿಂತೇ ಇದ್ದ. ಮಾಲವಿಕಾ ತನ್ನ ಕಾರಿನಲ್ಲಿದ್ದ ನೀರಿನ ಬಾಟಲಿ ತಂದು ಮಾದೇವಮ್ಮನ ಪಕ್ಕದಲ್ಲಿಟ್ಟಳು. ಅವಳು ಮುಟ್ಟಲಿಲ್ಲ.

ಮಧ್ಯಾಹ್ನ ಮಾದೇವಮ್ಮನ ಮಗ, ಗಗನಳ ತಂದೆ ಸಿದ್ದು ಗ್ಯಾರೇಜಿನಿಂದ ಬಂದು ಕಾಂಪೌಂಡಿನ ಬುಡ ಅಗೆದ. ಪೈಪಿನ ಜೋಡಣೆ ಬಿಟ್ಟುಕೊಂಡಿತ್ತು, ಸಂಪಿನ ಗೋಡೆ ಬಿರುಕುಬಿಟ್ಟಿತ್ತು. ಸಂಜೆ ಅವನು ಹೆಂಡತಿಯನ್ನು ಕೆಸರೆಯ ತವರಿಗೆ ಕಳುಹಿಸಿ, ಠಾಣೆಗೆ ಹೋಗಿ ಹುಚ್ಚಣ್ಣನ ಮೇಲೆ ದೂರು ಕೊಟ್ಟ.