ಬಾಯಿ ಮೇಲಾದ ತೋಟೆ

ಟಪ್ — ಒಣಕಡ್ಡಿ ಮುರಿದಷ್ಟೇ ಸದ್ದು, ಮೇವಿನ ಹೊಲದ ಕಡೆಯಿಂದ, ಓರಿನ್‌ನ ಮೊದಲ ಈಡು, ಅಂದರೆ ಈ ವರ್ಷದ ಮೊದಲ ನೆಲ ಅಳಿಲು ಹೋಯಿತು, ಇಲ್ಲಾ ಬಿಲದೊಳಗೆ ಕೂತು ಅವನನ್ನು ನೋಡಿ ನಗುತ್ತಿದೆ, ಎರಡನೆಯದೇ ಇರಬೇಕು, ಶೆಡ್ಡಿನಲ್ಲಿ ಮೇಜು ಒರೆಸುತ್ತಾ ಆರ್ಡಿಸ್ ಅಂದುಕೊಂಡಳು, ಗಂಡನ ಗುರಿ ಮದುವೆಯ ದಿನ ಎಷ್ಟಿತ್ತೋ ಇವತ್ತಿಗೂ ಅಷ್ಟೇ, ಕೋವಿ ಮಾತ್ರ ಬಂಗಾರ, ಅವನ ತಾತನದು, ಅದಕ್ಕೆ ಹೊಂದುವ ಆ ಸಣ್ಣ ತೋಟೆ ಈಗ ಮೊಂಟಾನಾದ ಯಾವ ಅಂಗಡಿಯಲ್ಲೂ ಸಿಗದು, ಹಾರಿಸಿದ ಖಾಲಿ ಹಿತ್ತಾಳೆಗಳನ್ನೇ ಹುಲ್ಲಿನಲ್ಲಿ ಆಯ್ದು ತಂದು, ತಿಕ್ಕಿ, ಹೊಸ ಕೇಪು ಕೂರಿಸಿ, ಮದ್ದು ಸುರಿದು, ಗುಂಡು ಒತ್ತಿ ಮತ್ತೆ ಮತ್ತೆ ಜೀವ ಕೊಡಬೇಕು, ಆ ಕೆಲಸ ಅವಳದು, ಅವಳ ಅಪ್ಪನಿಂದ ಬಂದದ್ದು, ಈ ಮನೆಯಲ್ಲಿ ಹೊಡೆಯುವವನು ಅವನು, ತುಂಬುವವಳು ಇವಳು — ಒರೆಸುವ ಬಟ್ಟೆ ಹಲಗೆಯ ಮೇಲೆ ಬಂತು, ತೋಟೆ ನಿಲ್ಲಿಸಲು ಅಪ್ಪ ತೂತು ಕೊರೆದು ಮಾಡಿದ ಹಲಗೆ, ಈಗ ಬರಿದು, ಬೆರಳು ತೂತಿನಿಂದ ತೂತಿಗೆ ಜಾರಿ ಮೂರನೆಯ ಸಾಲಿನ ಅಂಚಿನಲ್ಲಿ ತಟಕ್ಕನೆ ನಿಂತಿತು, ಇಲ್ಲೊಂದು ಬಾಯಿ ಮೇಲಾಗಿ ನಿಂತಿತ್ತಲ್ಲವಾ, ನಿನ್ನೆ, ಫೋನು ಇಟ್ಟು ವಾಪಸು ಬಂದಾಗ.

ಟಪ್. ಅಪ್ಪನ ಕಟ್ಟುನಿಟ್ಟು ಏನಾಗಿತ್ತು, ಖಾಲಿಯದು ಬೋರಲು, ತುಂಬಿದ್ದು ಬಾಯಿ ಮೇಲೆ, ಒಂದೊಂದೇ ಎತ್ತು, ಮಗುಚು, ಮದ್ದಿನ ಯಂತ್ರದ ಕೊಳವೆಗೆ ಹಿಡಿ, ಹಿಡಿಕೆ ಎಳಿ, ಹಲಗೆಗೆ ಇಡು, ನಡುವೆ ಯಾರಾದ್ರೂ ಕರೆದ್ರೆ ಕೈಲಿರೋದನ್ನ ವಾಪಸು ಡಬ್ಬಿಗೆ ಸುರಿದು ಆಮೇಲೆ ಏಳು ಮಗಳೇ, ಮನೆಗೆ ಬೆಂಕಿ ಬಿದ್ರೂ ಸುರಿದೇ ಏಳು. ನಿನ್ನೆ ಬೆಂಕಿ ಬಿದ್ದಿರಲಿಲ್ಲ, ಕ್ಲಿನಿಕ್ಕಿನ ಹುಡುಗಿಯ ಫೋನು ಬಂದಿತ್ತು, ಸಕ್ಕರೆ ಪಾಕದ ದನಿ, ಗುರುವಾರ ನಿಮ್ಮ ನೆನಪಿನ ಪರೀಕ್ಷೆ ಇದೆ ಮೇಡಂ, ಮರೀಬೇಡಿ ಅಂತ ಹೇಳೋಕೆ ಮಾಡಿದೆ — ಯಾವ ಪರೀಕ್ಷೆ, ಯಾರು ಕೇಳಿದ್ದು — ನಿಮ್ಮ ಮಗಳು ಜೆನೆಲ್ ಹೆಸರು ಬರೆಸಿದಾರಲ್ಲ ಮೇಡಂ. ಬರೆಸಿದ್ದಾಳಂತೆ! ಹೆತ್ತವಳನ್ನು ಒಂದು ಮಾತು ಕೇಳದೆ, ಕುದುರೆಗೆ ಲಾಳ ಹೊಡೆಸಲು ದಿನ ಗೊತ್ತು ಮಾಡಿದ ಹಾಗೆ, ಒಲೆಯ ಮೇಲೆ ಒಮ್ಮೆ ಕಾಫಿ ಪಾತ್ರೆ ಸೀದಿದ್ದಕ್ಕೆ, ಸರಿ, ಎರಡು ಸಲ, ಕ್ರಿಸ್ಮಸ್ಸಿನ ಊಟದಲ್ಲಿ ಮೊಮ್ಮಗನ ಹೆಸರು ನಾಲಿಗೆಗೆ ಬಾರದೆ ಲೋ ಅಂತ ಕರೆದಿದ್ದಕ್ಕೆ, ಯಾರ ನಾಲಿಗೆಯೂ ತಡವರಿಸುವುದೇ ಇಲ್ಲವಾ ಈ ಲೋಕದಲ್ಲಿ — ಕಿವಿ ಬಿಸಿಯಾಗಿ ಶೆಡ್ಡಿಗೆ ಬಂದಳು, ಅದು ನಿಂತಿತ್ತು, ಬಾಯಿ ಮೇಲಾಗಿ, ಉಳಿದ ಬೋರಲುಗಳ ಪಕ್ಕದಲ್ಲಿ. ತುಂಬಿ ಇಟ್ಟಿದ್ದಳೋ, ತುಂಬಲೆಂದು ಮಗುಚಿ ಇಟ್ಟಿದ್ದಳೋ, ಆಮೇಲೆ ಅದಕ್ಕೆ ಹಿಡಿಕೆ ಎಳೆದಳೋ ಇಲ್ಲವೋ, ಎಳೆದದ್ದು ಕೈಗೆ ನೆನಪಿದೆ, ಆದರೆ ಈ ಕೈ ನಲವತ್ತು ವರ್ಷದಿಂದ ಎಳೆಯುತ್ತಲೇ ಇದೆ, ಅದರ ಸಾಕ್ಷಿಗೆ ಏನು ಬೆಲೆ.

ಟಪ್. ಅಬ್ಬ, ಅದೂ ಅಲ್ಲ. ಎಲ್ಲವೂ ಒಂದೇ ಸಮ ಸಣ್ಣ ಸದ್ದು, ಹಾಗೆಯೇ ಇರಬೇಕು, ಅವಳು ತುಂಬಿದ್ದು ಯಾವತ್ತೂ ಹಾಗೆಯೇ, ಕಾಸಿನಗಲದೊಳಗೆ ನಾಲ್ಕು ಗುಂಡು ಬೀಳುತ್ತಿದ್ದವು, ಓರಿನ್ ಹೊಡೆದರೆ ಅಲ್ಲ, ಅವಳೇ ಹೊಡೆದರೆ — ಈ ಹಾಳು ಮದ್ದು ಚಿಟಿಕೆಯಷ್ಟು ಸಾಕು, ಎರಡು ಸಲ ಸುರಿದರೂ ತೋಟೆಯ ಹೊಟ್ಟೆಯೊಳಗೆ ಸದ್ದಿಲ್ಲದೆ ಅಡಗುತ್ತದೆ, ಗುಂಡು ಕೂತ ಮೇಲೆ ಐವತ್ತೂ ಒಂದೇ ತಾಯ ಮಕ್ಕಳು, ತೂಕಕ್ಕಿಟ್ಟರೂ ಗೊತ್ತಾಗದು, ಹಿತ್ತಾಳೆಯೇ ಒಂದಕ್ಕಿಂತ ಒಂದು ಹೆಚ್ಚು ಕಮ್ಮಿ, ಬಿಚ್ಚಿ ನೋಡಬೇಕು, ಬಿಚ್ಚಲು ತೋಟೆಯ ಪೆಟ್ಟಿಗೆ ಇಲ್ಲಿಲ್ಲ, ಪೆಟ್ಟಿಗೆ ಅವನ ಜೇಬಿನಲ್ಲಿದೆ, ಕೋವಿಯ ಕಬ್ಬಿಣ ನೂರು ವರ್ಷ ಹಳತು, ಎರಡು ಪಾಲು ಮದ್ದಿಗೆ ಸಿಡಿದು ಚೂರಾದೀತು, ಅದರ ಬುಡ ಅವನ ಬಲಗಣ್ಣಿನಿಂದ ಒಂದು ಗೇಣು. ಗುಂಡು ಕೂರಿಸುವ ಮುಂಚೆ ಟಾರ್ಚು ಹಿಡಿದು ಸಾಲು ಸಾಲು ಇಣುಕಿ ನೋಡುತ್ತಾಳೆ, ಯಾವಾಗಲೂ, ನಿನ್ನೆಯೂ ನೋಡಿದಳು, ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ — ಆದರೆ ಆ ನೋಟದಲ್ಲಿ ಅಪ್ಪ ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಿದ್ದಾನೆ, ಅದು ನಿನ್ನೆಯಲ್ಲ. ಟಪ್. ಫೋನ್ ಮಾಡೋಣವೆಂದರೆ ಅವನ ಫೋನು ಅಡುಗೆ ಮೇಜಿನ ಮೇಲೆ ಮಲಗಿದೆ, ಎಂದಿನಂತೆ, ಹೋಗಬೇಕು, ನಡೆದೇ ಹೋಗಬೇಕು, ಹೋಗಿ ಏನೆನ್ನುವುದು, ನನಗೆ ನೆನಪಿಲ್ಲ ಅನ್ನಬೇಕು, ಆ ಎರಡು ಮಾತು ಬಾಯಿಂದ ಬಿದ್ದರೆ ಮುಗಿಯಿತು, ಗುರುವಾರ ತಾನಾಗಿ ಕತ್ತು ಕೊಟ್ಟಂತೆ, ಮೊದಲು ಈ ಮೇಜು ಹೋಗುತ್ತದೆ, ಆಮೇಲೆ ಕಾರಿನ ಕೀಲಿ, ಆಮೇಲೆ ಒಲೆ, ಅಮ್ಮನಿಗೆ ಹಾಗೆಯೇ ಒಂದೊಂದಾಗಿ ಹೋಯಿತು, ಅಮ್ಮ ಬ್ರೆಡ್ಡಿನ ಹಿಟ್ಟಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು, ಮೇಜಿನ ಸುತ್ತ ಕೂತು ಎಲ್ಲರೂ ತುಟಿ ಪಿಟಕ್ ಅನ್ನದೆ ತಿನ್ನುತ್ತಿದ್ದೆವು, ಚೆನ್ನಾಗಿದೆಯಾ ಮಕ್ಕಳೇ, ಚೆನ್ನಾಗಿದೆಯಮ್ಮ.

ಸದ್ದಿಲ್ಲ. ಮತ್ತೊಂದು ಬರಬೇಕಿತ್ತು, ಬರಲಿಲ್ಲ. ಕಾಫಿ ಕುಡಿಯುತ್ತಿರಬೇಕು, ಫ್ಲಾಸ್ಕು ಕೊಟ್ಟಿದ್ದೇನಲ್ಲ, ಕೊಟ್ಟಿದ್ದೇನಾ, ಹಕ್ಕಿಯೊಂದು ಬೇಲಿಗಂಬದ ಮೇಲೆ ಕೂತು ಉಲಿಯುತ್ತಿದೆ, ಬಾಯಿ ಮುಚ್ಚೇ ನೀನೊಬ್ಬಳು — ಬಟ್ಟೆ ಬಿಸಾಕಿ ಓಡಿದಳು, ಈ ವಯಸ್ಸಿಗೆ ಓಟವಲ್ಲ, ಎದ್ದು ಬಿದ್ದು ನಡಿಗೆ, ಹಿಮ ಕರಗಿದ ಕೆಸರು ಬೂಟು ಕಚ್ಚುತ್ತದೆ, ಬಿಲಗಳು, ಕಾಲು ಮುರಿದುಕೊಂಡರೆ ಅದಕ್ಕೂ ಮರೆವು ಅನ್ನುತ್ತಾಳೆ ಜೆನೆಲ್, ಅಲ್ಲಿ ಅವನ ಕೆಂಪು ಟೋಪಿ, ಕೋವಿ ಕೆನ್ನೆಗೇರಿದೆ, ಕಿವಿಯ ಮೇಲೆ ಸದ್ದು ತಡೆಯುವ ಆ ದಪ್ಪ ಮುಚ್ಚಳಗಳು, ಗಾಳಿ ಎದುರಾಗಿ ಓರಿನ್ ಓರಿನ್ ಅಂದದ್ದು ಅವಳ ಬಾಯಿಗೇ ವಾಪಸು ಬಂತು, ಹೋಗಿ ಅವನ ಅಂಗಿ ಹಿಡಿದು ಜಗ್ಗಿದಳು — ಥೂ, ಏನಾಯ್ತೇ ನಿಂಗೆ, ಕೋವಿ ಹಿಡಿದವನನ್ನ ಹಿಂಗೆ ಎಳೀತಾರಾ — ತೆಗಿ, ಅದನ್ನ ಮೊದ್ಲು ಆಚೆ ತೆಗಿ — ಅವನು ಕೋವಿ ತೆರೆದ, ಹಾರದ ತೋಟೆ ಹುಲ್ಲಿಗೆ ಬಿತ್ತು, ಅವಳು ಮಂಡಿಯೂರಿ ತಡಕಿ ಹಿಡಿದುಕೊಂಡಳು, ಮುಷ್ಟಿಯೊಳಗೆ ತಣ್ಣಗಿತ್ತು. ಒಂದಕ್ಕೆ ಎರಡು ಸಲ ಹಾಕಿದೀನೋ ಏನೋ ಓರಿನ್, ನೆನಪಿಲ್ಲ ಕಣೋ, ಎಷ್ಟು ತಿಣುಕಿದ್ರೂ ನೆನಪಾಗ್ತಿಲ್ಲ. ಹೇಳಿಯೇಬಿಟ್ಟಳು.

ಅವನು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು, ಜೇಬಿನಿಂದ ಪೆಟ್ಟಿಗೆ ತೆಗೆದು ಅವಳ ಕೈಗಿಟ್ಟ, ಸಂಜೆ ಇಬ್ರೂ ಕೂತು ಬಿಚ್ಚಿ ನೋಡೋಣ ಬಿಡು ಅಂದ, ಕಿವಿಯ ಮುಚ್ಚಳ ಕತ್ತಿಗಿಳಿಸಿಕೊಂಡ, ಗುರುವಾರ ಗಾಡಿ ನಾನೇ ಓಡಿಸ್ತೀನಿ ಅಂದ. ಗುರುವಾರ. ಅವಳು ಗುರುವಾರದ ಮಾತೇ ಎತ್ತಿರಲಿಲ್ಲ. ನಿಂಗೂ ಗೊತ್ತಿತ್ತಾ — ಜೆನೆಲ್ ಹೋದ ತಿಂಗಳೇ ಹೇಳಿದ್ಲು — ಹೋದ ತಿಂಗಳೇ ಗೊತ್ತಿದ್ದು, ನನ್ನ ತಲೆ ಹಿಂಗಿದೆ ಅಂತ ಗೊತ್ತಿದ್ದೂ, ನಾನು ತುಂಬಿದ್ದಕ್ಕೆ ಕೆನ್ನೆ ಕೊಟ್ಟು ಹೊಡೀತಾ ನಿಂತಿದ್ಯಲ್ಲ, ಮಂಕೇ, ಕಣ್ಣು ಹೋಗಿದ್ರೆ, ತಲೇನೇ ಹೋಗಿದ್ರೆ — ಅವನು ಬೂಟಿನ ತುದಿಯಿಂದ ಒಂದು ಬಿಲಕ್ಕೆ ಮಣ್ಣು ತಳ್ಳುತ್ತಿದ್ದ. ನೀನು ತುಂಬಿದ್ದು ಬೇಡ ಅಂದಿದ್ರೆ ಯಾಕೆ ಅಂತ ನಿಂಗೆ ಗೊತ್ತಾಗ್ತಿತ್ತಲ್ಲೇ. ಅಷ್ಟೇ ಅಂದ. ಅವಳಿಗೆ ಸಿಟ್ಟು ಬಂತು, ಅಳು ಬಂತು, ಅವನ ಎದೆಗೆ ಗುದ್ದಬೇಕೆನಿಸಿತು, ಉಪ್ಪುಪ್ಪು ಬ್ರೆಡ್ಡು, ಚೆನ್ನಾಗಿದೆಯಮ್ಮ, ಎಷ್ಟು ದಿನದಿಂದ ತಿನ್ನುತ್ತಿದ್ದಾನೆ ಇವನು, ನಾನು ಯಾವಾಗ ಅಮ್ಮನ ಕುರ್ಚಿಗೆ ಬಂದು ಕೂತೆ, ಮುಷ್ಟಿಯ ತೋಟೆ ಈಗ ಬೆಚ್ಚಗಾಗಿದೆ, ಇದೇನಾ, ಇದಲ್ಲವಾ, ನೆನಪು ಮಾಡಿಕೋ, ಹಲಗೆ, ಮೂರನೆಯ ಸಾಲು, ಅಂಚಿನ ತೂತು, ಫೋನು ಇಟ್ಟು ಬಂದಿದ್ದೀಯ, ಬಾಯಿ ಮೇಲಾಗಿ ಒಂದು ತೋಟೆ ನಿಂತಿದೆ, ಬಗ್ಗಿ ನೋಡು, ಇನ್ನೂ ಬಗ್ಗು, ಒಳಗೆ ಕಪ್ಪು, ಮದ್ದೂ ಕಪ್ಪು, ಖಾಲಿಯೂ ಕಪ್ಪು —