ಮೂರನೇ ಏರು

ಸೇತುವೆಯ ಏರು ಅರ್ಧ ಮುಗಿಯುವಷ್ಟರಲ್ಲಿ ವೆಲ್ಡರ್ ಸೈಕಲ್ಲಿನಿಂದ ಇಳಿದುಬಿಟ್ಟ. ಹಿಂದೆ ಬರುತ್ತಿದ್ದ ಪೇಪರ್ ಹಾಕುವ ಮುದುಕ ಗಂಟೆ ಬಾರಿಸಿ ದಾಟಿಹೋದ. ಕಬ್ಬಿಣದ ಗೇಟನ್ನು ಒಬ್ಬನೇ ಎತ್ತಿ ನಿಲ್ಲಿಸುವ ತೋಳು ವೆಲ್ಡರನದು. ಎದೆ ಮಾತ್ರ ನಲವತ್ತೇಳರ ವಯಸ್ಸಿಗೇ ತಿದಿಯಂತೆ ಏದುತ್ತಿತ್ತು.

ತಂಗಿ ಆಸ್ಪತ್ರೆಯಲ್ಲಿ ನರ್ಸ್. ವರ್ಷಕ್ಕೊಮ್ಮೆ ಗೆಳತಿಯರ ಜೊತೆ ಸೈಕಲ್ ಪ್ರವಾಸ ಹೋಗುವವಳು. "ಮೂರು ದಿನ, ಮೂರು ಬೆಟ್ಟ. ಬರ್ತೀಯೇನೋ?" ಎಂದು ಬಾಯಿಮಾತಿಗೆ ಕೇಳಿದ್ದಳು. "ಬರ್ತೀನಿ" ಎಂದುಬಿಟ್ಟಿದ್ದ. ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಿರಲಿಲ್ಲ. ಅವನಿಗೆ ಚುಚ್ಚಿದ್ದು ಅದು.

"ದಿನಾ ಎಷ್ಟು ಪೆಗ್ ಕುಡೀತೀಯ?" ಸೇತುವೆಯ ವಿಷಯ ತಿಳಿದ ತಂಗಿ ಕೇಳಿದಳು.

"ಒಂದೋ, ಎರಡೋ."

"ಅಣ್ಣನ ಥರ ಅಲ್ಲ, ಪೇಶೆಂಟ್ ಥರ ಹೇಳು."

"ನಾಲ್ಕು."

"ಒಮ್ಮೆಲೇ ನಿಲ್ಲಿಸ್ಬೇಡ. ವಾರ ವಾರ ಇಳಿಸ್ತಾ ಬಾ. ಕೊನೆಗೆ ಶನಿವಾರ ಎರಡು, ಅಷ್ಟೇ."

ನಾಲ್ಕು ಮೂರಾಯಿತು, ಮೂರು ಎರಡಾಯಿತು, ಆಮೇಲೆ ಶನಿವಾರಕ್ಕಷ್ಟೇ ನಿಂತಿತು. ಸಂಜೆ ವರ್ಕ್‌ಶಾಪಿನಲ್ಲಿ ಜೊತೆಗಾರ ಪೇಂಟರ್ ಲೋಟ ಮುಂದಿಟ್ಟರೆ ಸೈಕಲ್ ಹತ್ತಿ ಹೊರಡುತ್ತಿದ್ದ. "ಸನ್ಯಾಸ ತಗೊಂಡ್ಯಾ?" ಎಂದು ಪೇಂಟರ್ ಕೆಣಕಿದ. "ಶನಿವಾರ ಬಿಟ್ಟು," ಎಂದ ವೆಲ್ಡರ್.

ಐದನೇ ವಾರ ಗಿರಾಕಿಯೊಬ್ಬನೊಡನೆ ಜಗಳವಾಗಿ ಮತ್ತೆ ನಾಲ್ಕು ಕುಡಿದ. ಮರುದಿನ ಬೆಳಿಗ್ಗೆ ಸೇತುವೆಯ ಕಂಬಿ ಹಿಡಿದು ವಾಂತಿ ಮಾಡಿ, ಮನೆಗೆ ಬಂದು ತಾನಾಗಿಯೇ ಹೆಂಡತಿಗೆ ಹೇಳಿದ.

"ವಾಸನೆ ಬಂದಿತ್ತು," ಎಂದಳು ಅವಳು, ಬುತ್ತಿ ಡಬ್ಬಿಯ ಮುಚ್ಚಳ ಒತ್ತುತ್ತ. "ಹೇಳಿದ್ರಲ್ಲ, ಅದು ಹೊಸದು."

ಮರುವಾರ ಸೇತುವೆಯನ್ನು ನಿಲ್ಲದೆ ಹತ್ತಿದ. ಅದರ ಮರುವಾರ ಹತ್ತಿ ಇಳಿದು, ತಿರುಗಿ ಮತ್ತೆ ಹತ್ತಿದ.

ಪ್ರವಾಸದ ಮೂರನೇ ದಿನದ ಬೆಟ್ಟ ಎಲ್ಲಕ್ಕಿಂತ ಉದ್ದ, ಹನ್ನೊಂದು ಕಿಲೋಮೀಟರ್. ಹೆಂಗಸರೆಲ್ಲ ಮುಂದೆ ಹೋಗಿಯಾಗಿತ್ತು. ಒಂದೊಂದು ತಿರುವಿನಲ್ಲೂ ಇನ್ನೇನು ತುದಿ ಬಂತೆನ್ನಿಸಿ, ಇನ್ನೊಂದು ತಿರುವು ಕಾಣುತ್ತಿತ್ತು. ತೊಡೆಗಳು ಕಲ್ಲಾಗಿದ್ದವು. ಸಾಮಾನು ಹೊತ್ತ ವ್ಯಾನು ಪಕ್ಕಕ್ಕೆ ಬಂದು ನಿಧಾನಿಸಿತು.

"ಹತ್ತಿ ಸಾರ್, ತುದೀಲಿ ಇಳಿಸ್ತೀನಿ. ಯಾರಿಗೂ ಹೇಳಲ್ಲ," ಎಂದ ಡ್ರೈವರ್.

"ನೀವು ಹೇಳಲ್ಲ. ನಾನು ಹೇಳ್ಬಿಡ್ತೀನಿ. ಮುಂದೆ ನಡೀರಿ."

ತುದಿಯ ಕಟ್ಟೆಯ ಬಳಿ ತಂಗಿ ಕಾಯುತ್ತಿದ್ದಳು. ಅವನು ಕಾಲೂರಿದ್ದೇ ತಡ, ಫೋನ್ ಮಾಡಿದಳು. "ಅತ್ತಿಗೆ, ಬಂದ. ಇಲ್ಲ, ತಳ್ಕೊಂಡು ಬರ್ಲಿಲ್ಲ. ತುಳ್ಕೊಂಡೇ ಬಂದ."

ಫೋನನ್ನು ಅವನ ಕಿವಿಗೆ ಹಿಡಿದಳು. ಅವನಿಗೆ ಮಾತಾಡಲು ಉಸಿರಿರಲಿಲ್ಲ. ಆ ಕಡೆ ಹೆಂಡತಿ ಕೆಲಸ ಮಾಡುವ ಹೊಲಿಗೆ ಕಾರ್ಖಾನೆಯ ಯಂತ್ರಗಳು ಗರಗರ ಎನ್ನುತ್ತಿದ್ದವು. ಅವುಗಳ ನಡುವೆ ಅವಳು ಯಾರಿಗೋ ಹೇಳುತ್ತಿದ್ದಳು: "ನಮ್ಮನೆಯವರು. ಮೂರೂ ಬೆಟ್ಟ ಹತ್ತಿದ್ರಂತೆ. ಸೈಕಲ್ ಮೇಲೆ."

ಒಂದು ಯಂತ್ರ ನಿಂತಿತು. "ಯಾರು, ನಿಮ್ಮೋರಾ?" ಎಂದಿತು ಒಂದು ದನಿ.

"ಹೂಂ. ನಮ್ಮೋರೇ."

ಇನ್ನೊಂದು ಯಂತ್ರ ನಿಂತಿತು, ಅದರ ಪಕ್ಕದ್ದೂ. ಗದ್ದದಿಂದ ಬೆವರು ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ, ಅವನು ಕೇಳುತ್ತ ನಿಂತ.