ಎಳ್ಳಮಾಸಿಯ ಓಟ

ಹೊಸ ಗಡಿಗೆಯಲ್ಲಿ ರಾತ್ರಿಯಿಡೀ ಹುಳಿಯುವ ಅಂಬಲಿಗೆ ಒಂದು ವಾಸನೆ ಇದೆ. ಜೋಳದ ಹಿಟ್ಟು, ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಅದರ ಹಿಂದೆ ಹಸಿ ಮಣ್ಣು. ಔರಾದಿನ ನಮ್ಮ ತವರುಮನೆಯಲ್ಲಿ ಎಳ್ಳಮಾಸಿಯ, ಅಂದರೆ ಎಳ್ಳ ಅಮಾವಾಸ್ಯೆಯ, ಮುನ್ನಾದಿನ ಆ ಗಡಿಗೆಯ ಪಕ್ಕದಲ್ಲಿ ಮಲಗಲು ಮಕ್ಕಳೆಲ್ಲ ಜಗಳಾಡುತ್ತಿದ್ದೆವು. ಬೆಳಗ್ಗೆ ಅವ್ವ ಅದನ್ನೂ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿಯನ್ನೂ ತಲೆಯ ಮೇಲೆ ಹೊತ್ತು ಹೊಲಕ್ಕೆ ಹೊರಟರೆ ನಾವು ವಾಸನೆಯ ಹಿಂದೆ ನಡೆಯುತ್ತಿದ್ದೆವು. ಆ ದಿನ ಯಾರ ಹೊಲದ ಮುಂದೆ ಹಾದರೂ ಊಟಕ್ಕೆ ಕರೆಯುತ್ತಾರೆ. ಕರೆದರೆ ಕೂತು ಒಂದು ತುತ್ತಾದರೂ ಉಣ್ಣಬೇಕು. ಯಾವ ಊರು, ಯಾವ ಜಾತಿ ಎಂದು ಕೇಳುವವರಿಲ್ಲ. ಕರೆದರೂ ಹಾಗೇ ಹೋದವರನ್ನು ನನ್ನ ಅರವತ್ತೆರಡು ವರ್ಷಗಳಲ್ಲಿ ನಾನು ನೋಡಿರಲಿಲ್ಲ.

ಹೈದರಾಬಾದಿನ ಕೆಲವರು ಸೇರಿ ಬೀದರಿನಲ್ಲಿ ಅರ್ಧ ಮ್ಯಾರಥಾನ್ ಇಟ್ಟದ್ದು ಆ ದಿನವೇ. ಅವರು ಭಾನುವಾರವನ್ನು ನೋಡಿದ್ದರು, ಅಮಾವಾಸ್ಯೆಯನ್ನು ನೋಡಿರಲಿಲ್ಲ. ನಳಕ್ಕೆ ಹತ್ತು ದಿನಕ್ಕೊಮ್ಮೆ ನೀರು ಬರುತ್ತಿದ್ದ ಬರದ ವರ್ಷ ಅದು. ಔರಾದ್ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ದುಡಿಯಲು ಹೋದವರು ಈ ಒಂದು ಹಬ್ಬಕ್ಕೆ ಮಾತ್ರ ಬಂದು ಹೋಗುತ್ತಿದ್ದರು.

ನಾನು ಭಾಲ್ಕಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಸಕ್ಕರೆ ಕಾಯಿಲೆಗೆಂದು ನಡೆಯಲು ಶುರು ಮಾಡಿದ್ದೆ, ಯಾವಾಗ ಓಡತೊಡಗಿದೆನೋ ತಿಳಿಯಲಿಲ್ಲ. ಆಮೇಲೆ ಓಟ ಎಲ್ಲಿದ್ದರೂ ರೈಲು ಹತ್ತುವ ಹುಚ್ಚು ಹಿಡಿಯಿತು. ಸೊಲ್ಲಾಪುರ, ಪುಣೆ, ಹೈದರಾಬಾದ್. ಪಡಸಾಲೆಯ ಮೊಳೆಯಲ್ಲಿ ಒಂಬತ್ತು ಪದಕಗಳು ತೂಗುತ್ತಿದ್ದವು. ಐವತ್ತೈದು ದಾಟಿದ ಹೆಂಗಸರ ಗುಂಪಿನಲ್ಲಿ ಓಡುವವರೇ ಕಡಿಮೆ. ಸುಮಾರು ಸಲ ನಾನೇ ಮೊದಲು.

ಕೇಶರಿ ಬರುವವರೆಗೆ.

ಕೇಶರಬಾಯಿ ನನ್ನ ನೆಗೆಣ್ಣಿ, ಮೈದುನ ಏಕನಾಥನ ಹೆಂಡತಿ. ನನಗಿಂತ ಐದು ವರ್ಷ ಚಿಕ್ಕವಳು, ಓದಿದ್ದು ನಾಲ್ಕನೆಯ ಇಯತ್ತೆ. ಹಿಂದಿನ ಒಂದು ಬರದಲ್ಲಿ ಗಂಡನ ಜೊತೆ ಹೈದರಾಬಾದಿಗೆ ಹೋಗಿ, ಆರಾರು ಮಜಲು ಉಸುಕು ಹೊತ್ತು, ಕೊನೆಗೆ ಒಂದು ರೊಟ್ಟಿ ಅಂಗಡಿ ಇಟ್ಟಳು. ರೊಟ್ಟಿಗೆ ಬರುತ್ತಿದ್ದ ಓಟಗಾರರು ಅವಳನ್ನೂ ಜೊತೆಗೆ ಕರೆದುಕೊಂಡು ಹೋದರು. ಎರಡೇ ವರ್ಷ. ಪುಣೆಯಲ್ಲಿ ನನಗಿಂತ ಹನ್ನೊಂದು ನಿಮಿಷ ಮುಂದೆ. ಹೈದರಾಬಾದಿನ ಮೇಲ್ಸೇತುವೆಗಳ ಏರಿನಲ್ಲಿ ಇಪ್ಪತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಮ್ಮ ಅತ್ತೆ ಹಾಸಿಗೆ ಹಿಡಿದು ಏಳು ವರ್ಷ ಇದ್ದರು. ಉಣಿಸಿದ್ದು, ತೊಳೆದದ್ದು ನಾನು. ಕೊನೆಯ ದಿನ ಕಣ್ಣು ತೆರೆದು ಅವರು ಕೇಳಿದ್ದು, "ಕೇಶರಿ ಬಂದಳೇನ?"

ಬೀದರ್ ನನ್ನ ಸ್ವಂತ ಜಿಲ್ಲೆ. ಇಲ್ಲಿ ಮಾತ್ರ ಅವಳು ನನ್ನ ಮುಂದೆ ಹೋಗಬಾರದು ಎಂದು ಮೂರು ತಿಂಗಳು ಕತ್ತಲಿರುವಾಗಲೇ ಎದ್ದು ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಓಡಿದ್ದೆ.

ಕೋಟೆಯ ಮುಂದೆ ಅವಳು ತನ್ನ ಗುಂಪಿನ ನಡುವೆ ನಿಂತಿದ್ದಳು. ಕೇಸರಿ ಬಣ್ಣದ ಅಂಗಿ, ಹೊಸ ಬೂಟು. ನನ್ನನ್ನು ನೋಡಿದ್ದೇ ಕೂಗಿದಳು.

"ಅಕ್ಕಾ! ಸಕ್ಕರಿ ಗುಳಿಗಿ ತಗೊಂಡೀರಿಲ್ರಿ? ಏನರ ತಿಂದೀರಿ?"

ನೂರು ಜನರ ಮುಂದೆ ನನ್ನ ಕಾಯಿಲೆ. "ತಗೊಂಡೀನಿ. ನಿಂದು ನೀ ನೋಡ್ಕೋ," ಎಂದೆ.

ಅವಳ ಗುಂಪಿನವನೊಬ್ಬ ನಕ್ಕ. "ಕೇಶರಬಾಯಿ, ನಿಮ್ಮ ಅಕ್ಕನೂ ಓಡ್ತಾರೇನ್ರಿ?"

"ಓಡ್ತಾರ ಅಂದ್ರ ಹ್ಯಾಂಗ್ರಿ? ಇವರ ಫೋಟೋ ನೋಡೇ ನಾ ಬೂಟ್ ತಗೊಂಡಿದ್ದು. ಕಲ್ತವರು ಓಡಬಹುದಂದ್ರ ನಾ ಯಾಕ ಓಡಬಾರದು ಅಂದೆ."

ಎಲ್ಲರೂ ನಕ್ಕರು. ಅವಳು ಹೊಗಳಿದ್ದಳು. ಆದರೆ ಹೊಗಳಿಕೆಯೂ ಅವಳ ಬಾಯಿಂದಲೇ ಬರಬೇಕಿತ್ತೇ?

ಮೊದಲು ನೌಬಾದಕ್ಕೆ ಹೋಗಿ ಬರುವುದು, ಆಮೇಲೆ ಕೋಟೆಯ ಆಚೆ ಅಷ್ಟೂರಿಗೆ ಇಳಿದು ಮತ್ತೆ ಏರುವುದು. ನೌಬಾದದ ದಾರಿಯಲ್ಲಿ ಅವಳ ಅಂಗಿ ನನ್ನ ಮುಂದೆ ಬೆಂಕಿಯ ಕಿಡಿಯಂತೆ ಕಾಣುತ್ತಲೇ ಇತ್ತು. ಮರಳುವಾಗ ಊರ ನಡುವಿನ ಚೌಬಾರ ಗೋಪುರದ ಬಳಿ ನನ್ನ ಬೂಟಿನ ಲಾಡಿ ಬಿಚ್ಚಿತು. ಬಗ್ಗಿದರೆ ಏಳಲಾಗದ ಸೊಂಟ. ಕೈಯಲ್ಲಿ ಹಸಿರು ಬಾವುಟ ಹಿಡಿದು ದಾರಿ ತೋರಿಸುತ್ತಿದ್ದ ಚಾಂದ ಪಾಶಾ ಎಂಬವನು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿ, ಮಂಡಿಯೂರಿ ಎರಡೂ ಬೂಟಿನ ಲಾಡಿ ಗಟ್ಟಿ ಕಟ್ಟಿದ. ಅವನ ಗಡ್ಡ ಅರ್ಧ ಬೆಳ್ಳಗಾಗಿತ್ತು.

"ಜಾವ್ ಅಮ್ಮಾ. ಮುಂದ ಇಳಕಲು ಅದ, ಹುಷಾರ್."

ಅಷ್ಟೂರಿನ ಇಳಿಜಾರಿನಲ್ಲಿ ಮೊಣಕಾಲು ಹೇಳಿದ ಮಾತು ಕೇಳಲಿಲ್ಲ. ಕೆಂಪು ಮಣ್ಣು, ದೂರಕ್ಕೆ ಸುಲ್ತಾನರ ಗುಮ್ಮಟಗಳು, ಎರಡೂ ಬದಿಗೆ ಮೊಣಕಾಲುದ್ದಕ್ಕೇ ಒಣಗಿ ನಿಂತ ಜೋಳ. ತಿರುಗುವ ಗುರುತನ್ನು ಮುಟ್ಟಿ ಮರಳಿ ಏರಿನ ಬುಡಕ್ಕೆ ಬಂದಾಗ ಒಂಬತ್ತು ಗಂಟೆ ದಾಟಿತ್ತು. ಕೇಸರಿ ಅಂಗಿ ಮುಂದೆ ಇರಲಿಲ್ಲ. ಇನ್ನು ಮುಗಿಯಿತು, ಅವಳು ಏರು ಹತ್ತಿಯೇ ಬಿಟ್ಟಳು ಎಂದುಕೊಂಡೆ.

ಆಗ ಆ ವಾಸನೆ ಬಂತು. ಅಂಬಲಿ, ಹೊಸ ಗಡಿಗೆ.

ಎಡಕ್ಕೆ ರಸ್ತೆಗೆ ತಾಗಿದ ಒಂದು ತುಂಡು ಹೊಲ. ಹಬ್ಬದ ಪೂಜೆಗೆ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಇಟ್ಟಿದ್ದರು. ಅವುಗಳ ಸುತ್ತ ಕೊಂಪೆ, ಅಂದರೆ ಪುಟ್ಟ ಗುಡಿಸಲು, ಕಟ್ಟಲು ಉದ್ದನೆಯ ಜೋಳದ ದಂಟು ಸಿಗದೆ ಹಸಿರು ಸೀರೆಯೊಂದನ್ನು ನಾಲ್ಕು ಕೋಲಿಗೆ ಹೊದಿಸಿದ್ದರು. ಏಳೆಂಟು ಜನ ಸಾಲಾಗಿ ಉಣ್ಣಲು ಕೂತಿದ್ದರು, ಪಕ್ಕದಲ್ಲಿ ಪ್ರಯಾಣದ ಗಂಟುಗಳು. ಅವರ ಸಾಲಿನ ಕೊನೆಯಲ್ಲಿ, ಬೂಟು ಬಿಚ್ಚಿಟ್ಟು, ಚಕ್ಕಳಮಕ್ಕಳ ಹಾಕಿ, ಕೇಸರಿ ಅಂಗಿ.

ಒಬ್ಬ ಮುದುಕಿ ರಸ್ತೆಯ ಅಂಚಿಗೇ ಬಂದು ನಿಂತಿದ್ದಳು. ಮುಂದೆ ಹೋದ ಹೈದರಾಬಾದಿನ ಹುಡುಗರನ್ನೆಲ್ಲ ಕರೆದು ಕರೆದು ಅವಳ ದನಿ ಒಡೆದಿತ್ತು.

"ಯಾಕ ಓಡಲತ್ತೀರಿ ಬಾಯಿ, ಯಾರ ಬೆನ್ನ ಹತ್ಯಾರ? ಬರ್ರಿ, ಒಂದು ತುತ್ತು ಉಂಡು ಹೋಗ್ರಿ. ಹನ್ನೊಂದರ ಗಾಡಿಗಿ ನಾವೂ ಹೊಂಟೇವಿ, ಆಮ್ಯಾಲ ಇಲ್ಲಿ ಯಾರೂ ಇರಂಗಿಲ್ಲ."

"ಅಕ್ಕಾ, ಬರ್ರಿ!" ಕೇಶರಿ ತುಂಬಿದ ಬಾಯಲ್ಲೇ ಕೈ ಬೀಸಿದಳು. "ಭಜ್ಜಿ ಅದ!"

ಉಳಿದದ್ದು ನಾಲ್ಕು ಕಿಲೋಮೀಟರ್. ಅವಳು ಕೂತಿದ್ದಳು. ನಾನು ನಿಂತಿದ್ದರೆ ಇಬ್ಬರೂ ಒಟ್ಟಿಗೆ ಏಳುತ್ತಿದ್ದೆವು, ಏರಿನಲ್ಲಿ ಅವಳು ಮತ್ತೆ ಮುಂದೆ ಹೋಗುತ್ತಿದ್ದಳು. ಇಷ್ಟೆಲ್ಲ ಲೆಕ್ಕ ಹಾಕಲು ನನಗೆ ಎರಡು ಹೆಜ್ಜೆ ಸಾಕಾಯಿತು. ಮುಖವನ್ನು ರಸ್ತೆಗೆ ನೆಟ್ಟು, ಏನೂ ಕೇಳಿಸದವಳಂತೆ ಓಡಿದೆ. ಮುದುಕಿ ಕೈಯಲ್ಲಿ ರೊಟ್ಟಿ ಹಿಡಿದು ನನ್ನ ಪಕ್ಕ ಹತ್ತು ಹೆಜ್ಜೆ ಬಂದಳು. ಆಮೇಲೆ ಅವಳ ಚಪ್ಪಲಿಯ ಸದ್ದು ನಿಂತಿತು.

ಏರು ಹತ್ತುವಾಗ ಎಷ್ಟೋ ಹೊತ್ತು ವಾಸನೆ ಬೆನ್ನ ಹಿಂದೆ ಬಂದಂತಿತ್ತು. ತಿರುಗಿ ನೋಡಲಿಲ್ಲ. ಅರ್ಧ ಏರಿನಲ್ಲಿ ಮಾತ್ರ ಒಮ್ಮೆ ನೋಡಿದೆ. ಕೇಸರಿ ಅಂಗಿ ಇನ್ನೂ ಕೂತೇ ಇತ್ತು. ಮುದುಕಿ ಅವಳ ತಟ್ಟೆಗೆ ಬಗ್ಗಿ ಏನೋ ಬಡಿಸುತ್ತಿದ್ದಳು. ಗೆಲ್ಲುತ್ತಿದ್ದವಳು ನಾನು, ಆದರೂ ಅವಳನ್ನು ನೋಡಿ ಹೊಟ್ಟೆ ಉರಿಯಿತು.

ಓಟ ಶುರುವಾಗಿ ಮೂರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ನಾನು ಕೋಟೆ ಮುಟ್ಟಿದೆ. ಊರೆಲ್ಲ ಹೊಲಕ್ಕೆ ಹೋಗಿತ್ತು, ಚಪ್ಪಾಳೆ ತಟ್ಟಲು ನಾಲ್ಕು ಜನರೂ ಇರಲಿಲ್ಲ. ಪದಕ ಹಾಕಿದರು. ಒಂದು ಕುರ್ಚಿಯಲ್ಲಿ ಕೂತು ಅವಳ ದಾರಿ ನೋಡಿದೆ. ಅವಳು ಸೋತ ಮುಖ ಹೊತ್ತು ಬರುವುದನ್ನು ನೋಡಬೇಕಿತ್ತು, ಸುಳ್ಳು ಯಾಕೆ ಹೇಳಲಿ.

ಅವಳಿಗಿಂತ ಮೊದಲು ಬಂದದ್ದು ಚಾಂದ ಪಾಶಾ. ಕೊನೆಯ ಓಟಗಾರರ ಹಿಂದೆ ಮೋಟಾರ್ ಸೈಕಲ್ಲಿನಲ್ಲಿ ಹೋಗುವ ಕೆಲಸವನ್ನೂ ಅವನಿಗೇ ಹಚ್ಚಿದ್ದರು, ನಿಧಾನ ನಡೆದು ಬರುತ್ತೇನೆಂದು ಕೇಶರಿ ಅವನನ್ನು ಮುಂದೆ ಕಳಿಸಿದ್ದಳಂತೆ. ಗಾಡಿ ನಿಲ್ಲಿಸಿ ನೇರ ನನ್ನ ಹತ್ತಿರ ಬಂದು, ಕಿವಿಗೆ ಬಾಯಿ ಹಚ್ಚಿ ಕಿರುಚಿದ.

"ಅಮ್ಮಾ! ನಿಮ್ಮ! ಹೆಸರ! ಕರೀಲತ್ತಾರ! ಕಪ್! ಕಪ್!"

ಬೆಚ್ಚಿಬಿದ್ದೆ. "ಯಾಕಪ್ಪಾ ಹಿಂಗ ಒದರತಿ? ನನಗೇನು ಕಿವುಡ?"

ಅವನು ನಾಲಿಗೆ ಕಚ್ಚಿಕೊಂಡ. "ಮಾಫ್ ಕರೋ ಅಮ್ಮಾ. ಹೊಲದಾಗ ಆ ಮುದುಕಿ ಬಾಯಿ ಭಾಳ ಬೇಜಾರ ಮಾಡ್ಕೊಂಡು ಅಳಲತ್ತಿದ್ಳು. ಇಷ್ಟು ಕರದ್ರೂ ನಮ್ಮ ಮನೀದು ಉಣ್ಣಂಗಿಲ್ಲೇನು ಆಕಿ ಅಂತ. ಅದಕ್ಕ ನಿಮ್ಮ ತಂಗಿ ಹೇಳಿದ್ರು: ನಮ್ಮ ಅಕ್ಕಗ ಕಿವಿ ಕೇಳಂಗಿಲ್ಲ, ಕೇಳಿದ್ರ ಓಡಿ ಬರ್ತಿದ್ರು ಅಂತ. ನಾನೂ ಖರೆ ಅಂದ್ಕೊಂಡೆ."

ಅಷ್ಟರಲ್ಲಿ ಮೈಕಿನಲ್ಲಿ ಮತ್ತೊಮ್ಮೆ ಕರೆದರು. ಹೋಗಿ ಕಪ್ ತೆಗೆದುಕೊಂಡೆ. ಹಿತ್ತಾಳೆಯ ಬಣ್ಣ ಬಳಿದ, ಹಗುರವಾದ ಕಪ್. ಅದನ್ನು ಕುರ್ಚಿಯ ಕೆಳಗೆ ಇಟ್ಟೆ.

ಕೇಶರಿ ಬರುವಾಗ ಬಿಸಿಲು ನೆತ್ತಿಗೆ ಹತ್ತಿರ ಬಂದಿತ್ತು. ಸಮಯ ಹಿಡಿಯುವ ಪಟ್ಟಿಯನ್ನು ಸುತ್ತಿ ಗಾಡಿಗೆ ಹಾಕಿದ್ದರು, ಪದಕದ ಡಬ್ಬಿ ಮುಚ್ಚಿದ್ದರು. ಅವಳು ಓಡುತ್ತಿರಲಿಲ್ಲ. ತುಂಬಿದ ಕೊಡ ಹೊತ್ತವಳಂತೆ, ಎದೆಗೆ ಏನನ್ನೋ ಹಿಡಿದು, ಚೆಲ್ಲದ ಹಾಗೆ ಅಳೆದಳೆದು ಹೆಜ್ಜೆ ಇಡುತ್ತಿದ್ದಳು. ಆ ಏರನ್ನೆಲ್ಲ ಹಾಗೇ ಹತ್ತಿ ಬಂದಿದ್ದಳು. ತಲೆಗೆ ಕಟ್ಟಿದ್ದ ಅವಳ ವಸ್ತ್ರ ತಲೆಯ ಮೇಲಿರಲಿಲ್ಲ.

"ಕೇಶರಿ," ಎಂದೆ.

ಅವಳು ನನ್ನ ಎದುರಿಗೆ ನೆಲದ ಮೇಲೆ ಕೂತಳು. ಕಪ್ಪನ್ನು ನೋಡಿ, ಬಿಸಿಲು ತಾಗದಂತೆ ಇನ್ನಷ್ಟು ಒಳಗೆ ಸರಿಸಿದಳು. ಓಟದವರು ಕೊಟ್ಟ ನೀರಿನ ಬಾಟಲಿಯಲ್ಲಿ ಈಗ ಬೆಳ್ಳಗೆ ಅಂಬಲಿ ಇತ್ತು. ತಲೆಯ ವಸ್ತ್ರದ ಗಂಟು ಬಿಚ್ಚಿದಳು. ಎರಡು ಸಜ್ಜೆ ರೊಟ್ಟಿ, ನಡುವೆ ಒತ್ತಿದ ಭಜ್ಜಿ. ಮೇಲಿನ ರೊಟ್ಟಿಯ ಅಂಚು ಮುರಿದಿತ್ತು. ಮುದುಕಿ ನನ್ನ ಪಕ್ಕ ಹಿಡಿದು ಬಂದ ರೊಟ್ಟಿ ಅದೇ ಇರಬೇಕು.

ನನ್ನ ಸಕ್ಕರೆ ಕಾಯಿಲೆ ನೆನಪಾಯಿತೇನೋ, ಮೊದಲು ಒಂದು ತುಂಡು ಮುರಿದು ನನ್ನ ಕೈಗೆ ಕೊಟ್ಟಳು. ಆಮೇಲೆ ಉಳಿದದ್ದನ್ನೂ ನನ್ನ ಮಡಿಲಿಗೆ ಇಟ್ಟಳು.